ದರ್ಜಿ ಅಕ್ಕನ ಕೈ ಕೇಸು

ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅಂತಾರೆ. ನಮ್ಮ ಬೀದಿಯ ದರ್ಜಿ ಅಕ್ಕ ಗೆದ್ದೂ ಇರಲಿಲ್ಲ, ಸೋತೂ ಇರಲಿಲ್ಲ. ಐದು ವರ್ಷದಿಂದ ಮೆಟ್ಟಿಲ ಮೇಲೇ ಇದ್ದಳು.

ಬಸ್ಸಿಳಿಯುವಾಗ ಬಾಗಿಲು ಮುಚ್ಚಿಕೊಂಡು ಅವಳ ಬಲಗೈ ಬೆರಳುಗಳು ಜಜ್ಜಿಹೋಗಿದ್ದವು. ಬಸ್ಸಿನ ವಿಮಾ ಕಂಪನಿಯ ಮೇಲೆ ಕೇಸು ಹಾಕಿಕೊಟ್ಟ ವಕೀಲರು ಕೆಟ್ಟವರೇನಲ್ಲ. ಗೆದ್ದರೆ ಪರಿಹಾರದಲ್ಲಿ ಮೂರರಲ್ಲೊಂದು ಪಾಲು, ಸೋತರೆ ಏನೂ ಬೇಡ ಅಂದಿದ್ದರು. ಆಸ್ಪತ್ರೆ ಚೀಟಿ, ಎಕ್ಸ್‌ರೇ, ಬಸ್ ಟಿಕೆಟ್ಟು, ಕಣ್ಣಾರೆ ಕಂಡವರ ಹೇಳಿಕೆ, ಎಲ್ಲ ಕೂಡಿಹಾಕಿ ಫೈಲು ಕಟ್ಟಿದರು. ಮೊದಲ ದಿನವೇ ಒಂದು ಮಾತು ಹೇಳಿದ್ದರು:

"ಅಕ್ಕಾ, ತೀರ್ಪು ಬರೋವರೆಗೆ ಗಿರಾಕಿ ಬಟ್ಟೆ ಹೊಲೀಬೇಡಿ. ಕೈ ಸರಿಯಾಗೇ ಇದೆ ಅಂತ ತೋರಿಸೋಕೆ ಕಂಪನಿಯವರು ಯಾರನ್ನಾದ್ರೂ ಕಳಿಸಿ ಫೋಟೋ ತೆಗೆಸ್ತಾರೆ."

ಅಕ್ಕ ಆ ಮಾತನ್ನು ಸೆರಗಿನ ಗಂಟಿನ ಹಾಗೆ ಭದ್ರ ಮಾಡಿಕೊಂಡಳು. ಗಿರಾಕಿ ಬಟ್ಟೆ ಹಾಗಿರಲಿ, ಗಂಡನ ಅಂಗಿಗೆ ಗುಂಡಿ ಕೂಡ ಹಚ್ಚಲಿಲ್ಲ. ಕಿಟಕಿಯಾಚೆ ಯಾರಾದರೂ ನಿಂತರೆ ಕೈಯನ್ನು ಮಡಿಲಲ್ಲಿ ಬಚ್ಚಿಡುತ್ತಿದ್ದಳು.

"ನಿಮ್ಮ ಕೈ ಸೊರಗ್ತಾ ಇದೆ, ಫೈಲು ಮಾತ್ರ ದಪ್ಪ ಆಗ್ತಾ ಇದೆ ಅತ್ತಿಗೆ," ಅನ್ನುತ್ತಿದ್ದಳು ನಾದಿನಿ. "ಕೈಯ ಪಾಲನ್ನೂ ಫೈಲಿಗೇ ಉಣ್ಣಿಸ್ತಿದ್ದೀರೋ ಏನೋ."

ಹೋದ ತಿಂಗಳು ಕಂಪನಿಯವರು ಕೈಯನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ಡಾಕ್ಟರು ಒಂದೊಂದೇ ಬೆರಳು ಬಗ್ಗಿಸಿ ನೋಡಿ ಹೇಳಿದರು:

"ಮೂಳೆ ಯಾವತ್ತೋ ಕೂಡಿದೆಯಲ್ಲಮ್ಮ. ಕೈಗೆ ಕೆಲಸ ಕೊಟ್ಟಿದ್ರೆ ಇಷ್ಟು ಬಿಗಿದುಕೊಳ್ತಿರಲಿಲ್ಲ. ಈಗ ಶುರು ಮಾಡಿದ್ರೂ ಸ್ವಲ್ಪ ಹಿಡಿತ ಬರಬಹುದು. ಇನ್ನೂ ಬಿಟ್ರೆ ಅದೂ ಇಲ್ಲ."

ಅಕ್ಕ ಅಲ್ಲಿಂದ ನೇರ ಜೆರಾಕ್ಸ್ ಅಂಗಡಿ ಮೇಲಿನ ವಕೀಲರ ಕೋಣೆಗೆ ಹೋದಳು.

"ಕಂಪನಿಯವರು ರಾಜಿಗೆ ಬಂದಿದ್ದಾರೆ," ಅಂದರು ವಕೀಲರು. "ಕೇಳಿದ್ದರಲ್ಲಿ ಅರ್ಧ ಕೊಡ್ತಾರಂತೆ. ಒಪ್ಪಬೇಡಿ. ಇನ್ನೆರಡು ವರ್ಷ ತಡೆದ್ರೆ ಪೂರ್ತಿ ಸಿಗುತ್ತೆ."

"ಆ ಎರಡು ವರ್ಷ ಸೂಜಿ ಹಿಡೀಬಹುದಾ ಸಾರ್?"

ವಕೀಲರು ಕನ್ನಡಕ ತೆಗೆದಿಟ್ಟರು. "ನಾನು ಗಿರಾಕಿ ಬಟ್ಟೆ ಬೇಡ ಅಂದೆ ಅಕ್ಕಾ. ವ್ಯಾಯಾಮ ಬೇಡ ಅಂದಿರಲಿಲ್ಲ."

"ದರ್ಜಿ ಕೈಗೆ ಬೇರೆ ವ್ಯಾಯಾಮ ಯಾವುದಿದೆ?"

ಕೆಳಗೆ ಜೆರಾಕ್ಸ್ ಮೆಷಿನ್ನು ಗರಗರ ಅನ್ನುತ್ತಲೇ ಇತ್ತು. ವಕೀಲರು ಫೈಲನ್ನು ಪಕ್ಕಕ್ಕೆ ಸರಿಸಿದರು.

"ನಾನೂ ಬಿಡಿಸಿ ಹೇಳಬೇಕಿತ್ತು," ಅಂದರು. "ಆದ್ರೂ ಅರ್ಧಕ್ಕರ್ಧ ಬಿಟ್ಟುಕೊಡ್ತೀರಾ? ಯೋಚಿಸಿ."

"ಕಾದೂ ಕಾದೂ ಕೈ ಮರಗಟ್ಟಿತು ಸಾರ್. ಎಲ್ಲಿ ಸಹಿ ಹಾಕಬೇಕು, ತೋರಿಸಿ."

ಸಂಜೆ ಮನೆಯಲ್ಲಿ ಹರಿದ ದಿಂಬಿನ ಕವರೊಂದನ್ನು ತೊಡೆ ಮೇಲಿಟ್ಟುಕೊಂಡು ಕೂತಳು. ದಾರ ಪೋಣಿಸುವಾಗ ಸೂಜಿ ನಾಲ್ಕು ಸಲ ಜಾರಿ ಬಿತ್ತು. ನಾದಿನಿ ಕೈ ಚಾಚಿದಳು.

"ಕೊಡಿ ಅತ್ತಿಗೆ, ನಾನು ಹಾಕ್ತೀನಿ."

"ಬೇಡ, ಬಿಡೇ."

ದೀಪ ಹಚ್ಚುವ ಹೊತ್ತಿಗೆ ಏಳು ಹೊಲಿಗೆ ಬಿದ್ದಿದ್ದವು, ಏಳೂ ಸೊಟ್ಟ. ಅಕ್ಕ ಅವನ್ನು ದೂರ ಹಿಡಿದು ನೋಡಿದಳು. ಆಮೇಲೆ ಒಂದೊಂದಾಗಿ ಬಿಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡಿದಳು.