ಕೊಲೆಗಾರನ ಕೈಗೆ ಬಾಚಣಿಗೆ ಕೊಟ್ಟವನು

ಹೋದ ತಿಂಗಳ ಒಂದು ಭಾನುವಾರ ಬೆಳಗ್ಗೆ ನಂಜನಗೂಡಿನ ನಮ್ಮ ಮನೆಯ ಹಾಲ್‌ನಲ್ಲಿ ಇದ್ದದ್ದು ಮೂವರು. ಇಡ್ಲಿ ತಟ್ಟೆ ಹಿಡಿದು ಕೂತಿದ್ದ ನಾನು, ಚಟ್ನಿ ಬಡಿಸುತ್ತಿದ್ದ ನನ್ನ ಹೆಂಡತಿ ಸುಮಿತ್ರ, ಮತ್ತು ಹೆಲ್ಮೆಟ್ಟನ್ನೂ ತೆಗೆಯದೆ ಬಾಗಿಲಲ್ಲಿ ನಿಂತಿದ್ದ ರಿಟೈರ್ಡ್ ದಫೇದಾರ್ ಗುರುಸ್ವಾಮಿ. ಟಿ. ನರಸೀಪುರದಿಂದ ಬೈಕಿನಲ್ಲಿ ಬಂದಿದ್ದರು.

"ಬನ್ನಿ ದಫೇದಾರ್ರೇ, ಇಡ್ಲಿ ಬಿಸಿ ಇದೆ" ಅಂದೆ.

"ಇಡ್ಲಿ ಇರ್ಲಿ ಮೇಷ್ಟ್ರೇ. ನಾನು ನಮ್ಮನೆಯವ್ಳ ತಲೆ ಬಾಚೋದನ್ನ ತಕ್ಕೊಂಡೋಗಿ ಆ ಕೊಲೆಗಡುಕನ ಕೈಲಿ ಯಾಕ್ ಮಾಡ್ಸುದ್ರಿ?"

ಸುಮಿತ್ರಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನನ್ನ ಬಾಯೊಳಗಿನ ಇಡ್ಲಿಯೂ.

ಈ ಅಂಕಣ ಓದುವವರಿಗೆ ಗೊತ್ತಿರುವ ಹಾಗೆ, ಮೇಷ್ಟ್ರ ಕೆಲಸ ಮುಗಿದ ಮೇಲೆ ನಾನು ಟೀವಿಯ ಒಂದು ಕ್ರೈಮ್ ಸೀರಿಯಲ್ಲಿಗೆ ಕಥೆ, ಸಂಭಾಷಣೆ ಬರೆಯುತ್ತೇನೆ. ವಾರಕ್ಕೊಂದು ಹೆಣ ಬೀಳಿಸಬೇಕು. (ಇಲ್ಲದಿದ್ದರೆ ಚಾನೆಲ್ಲಿನವರ ಮುಖ ಹೆಣದ ಹಾಗಾಗುತ್ತದೆ.) ಪೊಲೀಸ್ ಕೆಲಸದ ಒಳಗುಟ್ಟುಗಳಿಗೆಲ್ಲ ನನಗೆ ಗುರುಸ್ವಾಮಿಯೇ ಆಧಾರ. ಮಹಜರು ಹೇಗೆ ಬರೆಯುತ್ತಾರೆ, ಕಳ್ಳ ಸ್ಟೇಷನ್ನಿಗೆ ಬಂದಾಗ ಮೊದಲು ಎಲ್ಲಿ ನೋಡುತ್ತಾನೆ, ಎಲ್ಲ ಅವರು ಹೇಳಿದ್ದೇ. ಮೂರು ವರ್ಷದ ಸ್ನೇಹ.

ತೊಂದರೆ ಶುರುವಾದದ್ದು ಚಾನೆಲ್ಲಿನ ಮೇಡಂ ಫೋನಿನಿಂದ. "ಸರ್, ವಿಲನ್ ತುಂಬಾ ಫ್ಲಾಟ್. ಬರೀ ಕೆಟ್ಟವನು. ಸ್ವಲ್ಪ ಕಾಂಪ್ಲೆಕ್ಸ್ ಮಾಡಿ, ರಿಯಲ್ ಮಾಡಿ" ಅಂದರು.

ರಿಯಲ್ ಅಂದರೇನು? ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಕಳ್ಳನಿಗೆ ಒಂದು ಮೀಸೆ, ಒಂದು ಕಂಬಳಿ ಕೊಟ್ಟರೆ ಮುಗಿಯಿತು. ಅವನು ಊಟಕ್ಕೆ ಏನು ತಿಂದ, ಅವನಿಗೆ ಅಕ್ಕತಂಗಿಯರು ಎಷ್ಟು ಜನ ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಕೊಲೆಗಾರನಿಗೂ ಒಳ್ಳೆಯ ಗುಣ ಹುಡುಕಿಕೊಡುವುದು ನನ್ನ ಡ್ಯೂಟಿ. ಎಲ್ಲಿಂದ ತರಲಿ?

ತಂದದ್ದು ಗುರುಸ್ವಾಮಿಯ ಹಿತ್ತಿಲಿನಿಂದ.

ಒಂದು ಬೆಳಗ್ಗೆ ಯಾವುದೋ ಸೆಕ್ಷನ್ ಕೇಳಲು ಫೋನೂ ಮಾಡದೆ ಅವರ ಮನೆಗೆ ಹೋಗಿದ್ದೆ. ಮುಂಬಾಗಿಲು ತೆರೆದಿತ್ತು. ಕೂಗಿಕೊಂಡು ಹಿತ್ತಿಲಿಗೆ ನಡೆದೆ. ಮಣೆಯ ಮೇಲೆ ಅವರ ಹೆಂಡತಿ ಜಯಕ್ಕ ಕೂತಿದ್ದರು. ಹಿಂದೆ ಸ್ಟೂಲಿನ ಮೇಲೆ ಗುರುಸ್ವಾಮಿ, ಬಾಯಲ್ಲಿ ಹೇರ್‌ಪಿನ್ನು. ಜಯಕ್ಕನಿಗೆ ಲಕ್ವ ಸಣ್ಣಗೆ ಬಡಿದು ಹೋಗಿತ್ತಂತೆ, ಬಲಗೈ ಭುಜದಿಂದ ಮೇಲೆ ಏಳದು. ತಲೆ ಮುಟ್ಟಲಾಗದು. ಅಂದಿನಿಂದ ಬಾಚುವುದು ಇವರೇ.

ಆ ಜಡೆ ನೋಡಬೇಕಿತ್ತು ನೀವು. ಎಲ್ಲರಂತೆ ಮೂರೆಳೆಯಲ್ಲ, ಎರಡೇ ಎಳೆ. ಒಂದರ ಮೇಲೊಂದು ಸುತ್ತಿ, ಹುರಿ ಬಿಗಿದು, ಕೊನೆಗೆ ಗಂಟು.

"ನಮ್ಮಪ್ಪ ನಮ್ಮೂರು ಹದಿನಾರಲ್ಲಿ ಹಗ್ಗ ಹೊಸೀತಿದ್ದ. ನಂಗ್ ಬರೋದು ಅದೊಂದೇ" ಎಂದು ಗುರುಸ್ವಾಮಿ ಪಿನ್ನು ಕಚ್ಚಿಕೊಂಡೇ ಅಂದರು.

ಜಯಕ್ಕ ತಿರುಗಿ ನೋಡಿ, "ಇದ್ನ ಯಾರ್ ತಾವೂ ಅನ್ಬ್ಯಾಡ ಕಣಪ್ಪ. ಕೈ ಬಿದ್ದೋಯ್ತಂತೆ ಅಂತ ಬ್ರೆಡ್ಡು ಮೂಸಂಬಿ ಇಡ್ಕಂಡು ನೋಡಕ್ ಬಂದ್ಬುಡ್ತಾರೆ" ಅಂದರು.

ಇಲ್ಲ ಅಕ್ಕ, ಅಂದೆ. ಯಾರಿಗೂ ಹೇಳಲೂ ಇಲ್ಲ. (ಬರೆದೆ, ಅಷ್ಟೆ.)

ಸೀರಿಯಲ್ಲಿನಲ್ಲಿ ನಮ್ಮ ಕೊಲೆಗಾರ ಒಬ್ಬನನ್ನು ಮುಗಿಸಿ, ಕೈ ತೊಳೆದು, ಮನೆಗೆ ಬಂದು, ಕೈಯಿಲ್ಲದ ತಂಗಿಯ ತಲೆ ಬಾಚುತ್ತಾನೆ. ಎರಡೆಳೆಯ ಹಗ್ಗದ ಜಡೆ. ಒಂದು ಮಾತಿಲ್ಲ. ಮೇಡಂ, "ಗೂಸ್‌ಬಂಪ್ಸ್ ಸರ್" ಅಂತ ಮೆಸೇಜ್ ಹಾಕಿದರು. ನಾನೂ ಆ ಮೆಸೇಜನ್ನು ನಾಲ್ಕು ಜನಕ್ಕೆ ತೋರಿಸಿದೆ.

ಟಿ. ನರಸೀಪುರದಲ್ಲಿ ಜಯಕ್ಕನ ಬೀದಿಯವರೂ ಟೀವಿ ನೋಡುತ್ತಾರೆ ಅನ್ನುವುದು ನನಗೆ ಯಾಕೆ ಹೊಳೆಯಲಿಲ್ಲ?

ಎರಡು ವರ್ಷದಿಂದ ಅವರ ಬೆನ್ನ ಮೇಲೆ ಆ ಜಡೆ ನೋಡಿದ್ದವರು, ಅದೇನೋ ಹೊಸ ಸ್ಟೈಲು ಅಂದುಕೊಂಡಿದ್ದರಂತೆ. ಸೀರಿಯಲ್ ಬರೆಯುವವನು ದಫೇದಾರರ ಸ್ನೇಹಿತ ಅಂತ ಗೊತ್ತಿದ್ದವರು, ಕೈಯಿಲ್ಲದ ತಂಗಿಯ ಬೆನ್ನಲ್ಲಿ ಅದೇ ಜಡೆ ಕಂಡದ್ದೇ ಜಯಕ್ಕನ ಕೈಯ ಲೆಕ್ಕ ಹಾಕಿದರು. ಎಪಿಸೋಡ್ ಬಂದ ಮಾರನೇ ದಿನವೇ ಬ್ರೆಡ್ಡು ಬಂತು. ಮೂಸಂಬಿಯೂ ಬಂತು. ಜಯಕ್ಕ ರೂಮು ಸೇರಿಕೊಂಡರು.

"ಅವ್ಳ ತಂಗಿ ಮಗಳ ಮದ್ವೆ ಅದೆ ಮೇಷ್ಟ್ರೇ, ಬದನವಾಳಲ್ಲಿ. ಇನ್ ಮೂರು ವಾರ. ಸಾಕಿದ್ ಮಗು ಅದು. ಓಗಲ್ಲ ಅಂತ ಕೂತವ್ಳೆ" ಅಂದರು ಬಾಗಿಲಲ್ಲೇ ನಿಂತಿದ್ದ ಗುರುಸ್ವಾಮಿ.

ನಾನು ಪೆದ್ದನ ಹಾಗೆ, "ನಿಮ್ಮ ಹೋಲಿಕೆ ಕೊಲೆಗಾರನಿಗೆ ಬಂತು ಅಂತ ಬೇಜಾರಾ?" ಅಂದೆ.

"ಬೇಕಾದ್ರೆ ಇನ್ನೆರಡು ಕೊಲೆ ನನ್ ಎಸ್ರಲ್ಲೇ ಮಾಡ್ಸಿ, ಬ್ಯಾಡ ಅನ್ನಲ್ಲ. ಜಡೆ ನಂದಲ್ಲ ಸಾ. ಅವ್ಳ್ದು."

ಮೂರು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ಮೇಷ್ಟ್ರೇ ಅನ್ನದೆ ಸಾ ಅಂದದ್ದು. ಬೈಕು ಸ್ಟಾರ್ಟ್ ಆಗಿ ಹೋಯಿತು.

ಸುಮಿತ್ರ ಚಟ್ನಿ ಪಾತ್ರೆ ಕೆಳಗಿಟ್ಟು, "ನನ್ನ ತಲೇನ ಒಂದಿನ ಮುಟ್ಟಿದೋರಲ್ಲ. ಕಂಡೋರ ಮನೆ ಬಾಚಣಿಗೆ ಮಾತ್ರ ಚೆನ್ನಾಗಿ ಕಾಣ್ಸುತ್ತೆ ಇವರಿಗೆ" ಅಂತ ಅಡುಗೆಮನೆಗೆ ನಡೆದಳು. ಇಡ್ಲಿ ಆರಿತ್ತು.

ಮೇಡಂಗೆ ಫೋನ್ ಮಾಡಿ ಆ ಸೀನ್ ಇನ್ನು ಬೇಡ ಅಂದೆ. "ಅದನ್ನ ತೆಗೆದ್ರೆ ಅವನು ಬರೀ ಕೊಲೆಗಾರ ಆಗಿಬಿಡ್ತಾನೆ ಸರ್" ಅಂದರು. ಅದೂ ನಿಜವೇ. ಆದರೂ ಹಟ ಹಿಡಿದು, ಮುಂದಿನ ವಾರ ತಂಗಿಯನ್ನು ತಲೆ ಬಾಚದೆಯೇ ಕೂರಿಸಿದೆ. ಪಾಪ ಕಳೆಯಿತು ಅಂದುಕೊಂಡೆ.

ಎಪಿಸೋಡ್ ಮುಗಿದ ಮಾರನೇ ದಿನ ಫೋನು. ಗುರುಸ್ವಾಮಿಯದಲ್ಲ, ಜಯಕ್ಕನದು.

"ಯಾಕಪ್ಪ ತೆಗ್ದೆ?"

"ನಿಮಗೆ ಬೇಜಾರಾಯ್ತು ಅಂತ ಅಕ್ಕ."

"ಇಷ್ಟ್ ದಿನ ಜನಕ್ಕೆ ಅನ್ಮಾನ ಇತ್ತು. ನಾನೇ ನಿಂಗ್ ಏಳಿ ತೆಗುಸ್ದೆ ಅಂತವ್ರೆ ಈಗ. ನೀನು ತೆಗ್ದು ಗ್ಯಾರಂಟಿ ಮಾಡ್ಬುಟ್ಟೆ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ. ಜಯಕ್ಕನೇ ಮುಂದುವರಿಸಿದರು.

"ಆ ಹುಡ್ಗಿ ತಲೆ ಕೆದ್ರಿಕೊಂಡು ಕೂತಿತ್ತಲ್ಲ, ನೋಡಕ್ಕಾಗ್ನಿಲ್ಲ ಕಣಪ್ಪ. ಬಾಚ್ಸು ಅದಕ್ಕೆ."

"ಮದುವೆಗೆ ಹೋಗ್ತೀರಾ ಅಕ್ಕ?"

"ನೋಡಾನ. ನೀನೂ ಬಾ" ಅಂದು ಇಟ್ಟರು.

ಈಗ ಹೇಳಿ, ನಾನು ಏನು ಮಾಡಬೇಕಿತ್ತು? ಗಂಡ ಯಾಕೆ ಹಾಕಿದಿರಿ ಅನ್ನುತ್ತಾರೆ, ಹೆಂಡತಿ ಹಾಕು ಅನ್ನುತ್ತಾರೆ. ಇಟ್ಟರೆ ಮಾತು ತಪ್ಪಿದವನು. ತೆಗೆದರೆ ಗುಟ್ಟು ಸಾರಿದವನು. ಮತ್ತೆ ಬರೆದೆ ಅನ್ನಿ. ಆದರೆ ಅದನ್ನು ಜಯಕ್ಕನಿಗಾಗಿ ಬರೆದೆನೋ, ಮೇಡಂಗಾಗಿಯೋ, ಸೀನು ಚೆನ್ನಾಗಿತ್ತು ಎಂಬ ನನ್ನದೇ ಆಸೆಗೋ? ಇವತ್ತಿಗೂ ಗೊತ್ತಿಲ್ಲ. ಕಳ್ಳರು ಏನೇನು ಬಚ್ಚಿಡುತ್ತಾರೆ ಅಂತ ಮೂರು ವರ್ಷ ಆ ದಫೇದಾರರನ್ನು ಕೇಳಿದ್ದೆ. ಅವರ ಮನೆಯಲ್ಲೇ ಬಚ್ಚಿಟ್ಟದ್ದನ್ನು ಎತ್ತಿಕೊಂಡು ಬಂದವನು ಯಾರು? ಈ ಅಂಕಣದಲ್ಲಿ ಈಗ ಮತ್ತೆ ಬರೆಯುತ್ತಿದ್ದೇನಲ್ಲ, ಇದು ಸರಿಯಾ? ಜಯಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುಸ್ವಾಮಿಯನ್ನು ಕೇಳುವ ಧೈರ್ಯ ಆಗಲಿಲ್ಲ.

ಹೋದ ಭಾನುವಾರ ಬದನವಾಳಿನ ಮದುವೆಗೆ ಸುಮಿತ್ರಳೂ ನಾನೂ ಹೋಗಿದ್ದೆವು. ಜಯಕ್ಕ ಬಂದಿದ್ದರು. ಹುಣಸೆಹಣ್ಣಿನ ಬಣ್ಣದ ರೇಷ್ಮೆ ಸೀರೆ, ಬೆನ್ನ ಮೇಲೆ ಅದೇ ಜಡೆ, ಅದರ ತುಂಬ ಮಲ್ಲಿಗೆ. ಹೆಂಗಸರ ಗುಂಪಿನಲ್ಲಿ ಯಾರೋ, "ಹೌದಾ ಜಯಕ್ಕ, ದಫೇದಾರ್ರೇ ಬಾಚೋದಂತೆ?" ಅಂದರು.

"ಊಂ ಕಣಮ್ಮಿ. ನಿಮ್ಮವ್ರು ಏನ್ ಮಾಡ್ತಾರೆ?" ಅಂದರು ಜಯಕ್ಕ.

ನನಗೆ ಜೀವ ಬಂದ ಹಾಗಾಯಿತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಖಾಲಿ ಇತ್ತು. ಗುರುಸ್ವಾಮಿ ಆ ಕಡೆಯಿಂದ ಬರುತ್ತಿದ್ದರು. "ಬನ್ನಿ ದಫೇದಾರ್ರೇ" ಅಂದೆ.

ಅವರು ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. ಎದುರು ಸಾಲಿಗೆ ಹೋಗಿ ಕೂತು, ಎಲೆಗೆ ನೀರು ಚಿಮುಕಿಸಿಕೊಂಡರು.