ರೂತಮ್ಮನ ಸೊಪ್ಪಿನ ಕಟ್ಟು

ಇವತ್ತು ಬೆಳಿಗ್ಗೆ ಪಕ್ಕದ ಹೊಲದವರು ಬ್ಯಾರನ್ನಿನ ಬಾಗಿಲು ತೆಗೆದರು. ಬೆಂದ ಹೊಗೆಸೊಪ್ಪಿನ ವಾಸನೆ ನಮ್ಮ ಜಗಲಿಯವರೆಗೂ ಬಂತು. ನೀವು ಬೆಟ್ಟದಪುರದ ಕಡೆ ಬಂದವರಾದರೆ ಊರೂರಲ್ಲೂ ನಿಂತಿರುವ ಬ್ಯಾರನ್ ಎಂಬ ಈ ಎತ್ತರದ ಗೂಡುಗಳನ್ನು ನೋಡಿರುತ್ತೀರಿ. ಹಸಿ ಸೊಪ್ಪನ್ನು ಒಳಗೆ ಸಾಲಾಗಿ ತೂಗುಹಾಕಿ, ಸೌದೆಯ ಕಾವಿನಲ್ಲಿ ಬೇಯಿಸುತ್ತೇವೆ. ಹೊಸಬರಿಗೆ ಆ ವಾಸನೆಗೆ ತಲೆ ತಿರುಗುತ್ತದೆ. ನನಗೆ ಹಸಿವಾಗುತ್ತದೆ. ಆ ಒಲೆಯ ಮುಂದೆ ಕೂರುವುದಕ್ಕೇ ನಾನು ಸ್ಕೂಲು ಬಿಟ್ಟವನು. ಸೊಪ್ಪು ಬೇಯಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿ ಇಲ್ಲ. ಬೇರೆ ಯಾರೂ ಹೇಳದಿರುವುದರಿಂದ ಈ ಮಾತನ್ನು ನಾನೇ ಹೇಳಿಕೊಳ್ಳುತ್ತೇನೆ.

ಆದರೆ ಸೊಪ್ಪು ಕಟ್ಟುವ ಕೈ ನನ್ನ ಹೆಂಡತಿ ರೂತಮ್ಮನದು. ಎಲೆಗಳನ್ನು ಕಡ್ಡಿಗೆ ಕಟ್ಟುವಾಗ ಅಂಟು ಹತ್ತಿ ಅವಳ ಅಂಗೈ ಕಪ್ಪಗಾಗುತ್ತಿತ್ತು. ಶನಿವಾರ ಸಂಜೆ ನಿಂಬೆಹಣ್ಣು ಹಿಡಿದು ಉಜ್ಜುತ್ತಾ ಕೂರುವಳು. ಮಾರನೆಯ ದಿನ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿಗೆ ಕೈ ಚಾಚಬೇಕಲ್ಲ. ಬುಡೇ, ಚರ್ಮ ಕಿತ್ತೋದಾತು ಎಂದು ನಾನು ನಗುತ್ತಿದ್ದೆ. ಎಷ್ಟು ಉಜ್ಜಿದರೂ ಗೆರೆಗಳ ಸಂದಿನ ಕಪ್ಪು ಹೋಗುತ್ತಿರಲಿಲ್ಲ.

ಸುಗ್ಗಿ ಹಬ್ಬಕ್ಕೆ ಹೊಲದ ಮೊದಲ ಫಲವನ್ನು ದೇವರಿಗೆ ತರುವುದು ನಮ್ಮ ಚರ್ಚಿನ ರೂಢಿ. ರಾಗಿ, ಅವರೆಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲವೂ ಬರುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಕೆಲವು ವರ್ಷದ ಹಿಂದೆ ಒಂದು ಸಲ ಮಳೆ ಮಿತಿಮೀರಿ ನಮ್ಮ ರಾಗಿ ನೆಲಕ್ಕೆ ಮಲಗಿಬಿಟ್ಟಿತ್ತು. ಸೊಪ್ಪು ಮಾತ್ರ ಬಂಗಾರದ ಹಾಗೆ ಬಂದಿತ್ತು. ರೂತಮ್ಮ ಮೊದಲ ಬ್ಯಾರನ್ನಿನ ಸೊಪ್ಪಿನಲ್ಲಿ ಒಂದೊಂದೇ ಎಲೆ ಆರಿಸಿ, ಕಟ್ಟು ಕಟ್ಟಿ, ಒಗೆದ ಬಿಳಿ ಪಂಚೆಯಲ್ಲಿ ಸುತ್ತಿಕೊಂಡಳು. ನಾನು ಬೇಯಿಸಿದ ಸೊಪ್ಪಿನ ಬಣ್ಣ ಸಭೆಯವರೆಲ್ಲ ನೋಡಲಿ ಎಂದು ನನಗೂ ಒಳಗೊಳಗೇ ಆಸೆ.

ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಮೈಸೂರಿನ ಕಡೆಯವರು, ಸಣ್ಣ ವಯಸ್ಸು. ಸಾಲಿನಲ್ಲಿ ರೂತಮ್ಮನ ಸರದಿ ಬಂದಾಗ ಪಂಚೆ ಬಿಚ್ಚಿ ನೋಡಿ, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಮೆಲ್ಲಗೇ ಹೇಳಿದರು, ಅದು ನಿಜ. "ಜನರ ಎದೆ ಸುಡೋ ವಸ್ತು ಅಮ್ಮ ಇದು. ದೇವರ ಮೇಜಿನ ಮೇಲೆ ಹ್ಯಾಗೆ ಇಡಲಿ?"

ಸಾಲಿನ ಹಿಂದಿನಿಂದ ನಮ್ಮೂರ ಯಾಕೋಬಣ್ಣ ಕೇಳಿದ, "ದೇವ್ರು ಬೀಡಿ ಸೇದ್ತಾನೇನವ್ವಾ ರೂತಮ್ಮ?"

ಜನ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. "ಸೊಪ್ಪು ಆಗಾಕಿಲ್ಲ, ಸೊಪ್ಪು ಮಾರಿದ್ ದುಡ್ಡು ಕಾಣಿಕೆ ಪೆಟ್ಟಿಗೆಗೆ ಆಯ್ತದಾ?" ಎಂದೆ. ರೂತಮ್ಮ ಪಂಚೆಯನ್ನು ಮತ್ತೆ ಸುತ್ತಿ, ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ಅವತ್ತಿನಿಂದ ನಾನು ಚರ್ಚಿಗೆ ಹೋಗಲಿಲ್ಲ. ಅಯ್ಯನವರ ಮಾತು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಒಲೆ ಮುಂದೆ ಕೂತು ಕೆಮ್ಮುವವನಿಗೆ ಅದನ್ನು ಬೇರೆಯವರು ಹೇಳಬೇಕಾಗಿಲ್ಲ. ಗೊತ್ತಿದ್ದದ್ದಕ್ಕೇ ಸಿಟ್ಟು ಜಾಸ್ತಿಯಾಯಿತೋ ಏನೋ.

ಅವಳು ಮಾತ್ರ ಬಿಡಲಿಲ್ಲ. ಮುಂದಿನ ವರ್ಷ ಏನೂ ಆಗದವಳ ಹಾಗೆ ತಲೆಯ ಮೇಲೆ ಕುಂಬಳಕಾಯಿ ಹೊತ್ತು ಹೋದಳು. ಸೊಪ್ಪಿನ ಕಟ್ಟು ಒಳಮನೆಯ ತೊಲೆಯಲ್ಲಿ ತೂಗುತ್ತಿತ್ತು. ಉಳಿದದ್ದರ ಜೊತೆ ಮಾರಿಬಿಡೋಣ ಎಂದು ಎಷ್ಟೋ ಸಲ ಹೇಳಿದೆ.

"ದೇವ್ರಿಗೆ ಅಂತ ತೆಗೆದಿಟ್ಟಿದ್ದ ಮಾರಾಕಾಯ್ತದಾ?" ಎಂದಳು. "ಬ್ಯಾಡ ಅಂದೋರು ಅಯ್ಯನೋರು. ದೇವ್ರು ಅಂದಿಲ್ವಲ್ಲ. ಈಸ್ಕಳಾಗಂಟ ಇಲ್ಲೇ ಇರ್ಲಿ ಬುಡಿ."

ಮಳೆ ತಂಪಿಗೆ ಎಲೆ ಮೆತ್ತಗಾದಾಗ ಕೆಳಗಿಳಿಸಿ, ಧೂಳು ಕೊಡವಿ, ಮತ್ತೆ ಕಟ್ಟುವಳು. ಒಣಗಿದ್ದಾಗ ಮುಟ್ಟಿದರೆ ಪುಡಿಯಾಗುತ್ತದಲ್ಲ. ಹೋದ ವರ್ಷ ಜ್ವರ ಎಂದು ಮಲಗಿದವಳು ಏಳಲಿಲ್ಲ. ಮಣ್ಣಿಗಿಡುವ ಮುಂಚೆ ಅವಳ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಅಂಗೈ ಕಾಣುತ್ತಿರಲಿಲ್ಲ. ನೋಡಬೇಕು ಅನ್ನಿಸಿತು, ಅಷ್ಟು ಜನರ ಮುಂದೆ ಕೇಳಲು ನಾಚಿಕೆಯಾಯಿತು.

ಹೋದ ವಾರ ಅವಳ ವರ್ಷದ ಪ್ರಾರ್ಥನೆಗೆ ಅಯ್ಯನವರು ಮನೆಗೆ ಬಂದರು. ಹೊರಗೆ ಜಡಿಮಳೆ ಇದ್ದದ್ದರಿಂದ ಒಳಮನೆಯಲ್ಲೇ ಕೂರಿಸಿದೆ. ಪ್ರಾರ್ಥನೆ ಮುಗಿಸಿ ಕಣ್ಣು ಬಿಟ್ಟಾಗ ತೊಲೆಯ ಕಡೆ ನೋಡಿದರು. ಅವತ್ತಿನ ಕಟ್ಟು ಅದೇನಾ ಎಂದು ಕೇಳಿದರು. ಹೂಂ ಎಂದೆ. ಎದ್ದು ತೊಲೆಯ ಕೆಳಗೆ ನಿಂತು ಹೇಳಿದರು, "ಸೊಪ್ಪಿನ ವಿಚಾರದಲ್ಲಿ ನನ್ನ ಮಾತು ಈಗಲೂ ಅದೇ. ಆದ್ರೆ ಆ ತಾಯಿನ ವಾಪಸ್ ಕಳಿಸಬಾರದಿತ್ತು. ಕೊಡಿ, ಮೇಜಿನ ಮೇಲಿಟ್ಟು ಪ್ರಾರ್ಥನೆ ಮಾಡಿ, ಚರ್ಚಿನ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕ್ತೀನಿ."

ಈ ಮಾತಿಗಾಗಿಯೇ ವರ್ಷಗಟ್ಟಲೆ ಕಾದಿದ್ದೆ. ಆಗ ಏನೇನು ಅನ್ನಬೇಕು ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಅದೆಲ್ಲ ಬಿಟ್ಟು ಕಟ್ಟನ್ನು ಇಳಿಸಿದೆ. ಅವರು ಎರಡೂ ಕೈ ಚಾಚಿದರು. ನನ್ನ ಕೈ ಕಟ್ಟನ್ನು ಬಿಡಲಿಲ್ಲ. ಅದು ಅಲ್ಲಿ ತೂಗುತ್ತಿರುವವರೆಗೆ ರೂತಮ್ಮನದು ಒಂದು ಕೆಲಸ ಈ ಮನೆಯಲ್ಲಿ ಬಾಕಿ ಇತ್ತು, ನೋಡಿ. ಇನ್ನು ಅದೂ ಇಲ್ಲ. ಅಯ್ಯನವರು ಎಳೆಯಲಿಲ್ಲ, ಕಾದರು. ಕೊನೆಗೆ ಕೊಟ್ಟೆ.

ಇವತ್ತು ಸುಗ್ಗಿ ಹಬ್ಬ. ಒಗೆದ ಅಂಗಿ ತೊಟ್ಟು ಚರ್ಚಿಗೆ ಹೋದೆ. ಮೆಟ್ಟಿಲ ಹತ್ತಿರ ಯಾಕೋಬಣ್ಣ ಸಿಕ್ಕಿದ. ಈಗ ಕೋಲು ಹಿಡಿದು ನಡೆಯುತ್ತಾನೆ.

"ಏನ್ಲಾ, ಬರಿಗೈಲಿ ಬಂದೆ?"

"ಇದ್ದಿದ್ದ ಕೊಟ್ಬುಟ್ಟೆ ಕಣಣ್ಣ" ಎಂದೆ.

ಅವನು ಒಳಗೆ ಹೋಗಿ, ಬೆಂಚಿನಲ್ಲಿ ಸರಿದು ನನಗೆ ಜಾಗ ಬಿಟ್ಟ.