ಭೂಮಿ ತಿರುಗಿದ ಫೋಟೋದಲ್ಲಿ ನನ್ನ ಸಂಡಿಗೆ

ನಮ್ಮ ಯಜಮಾನರು ಪ್ರಭುದೇವ, ಗುಬ್ಬಿಯಲ್ಲಿ ಮನೆಯ ಮುಂಭಾಗದಲ್ಲೇ ಫೋಟೋ ಸ್ಟುಡಿಯೋ ಇಟ್ಟವರು. ಮದುವೆಗಳಲ್ಲಿ ಪುರೋಹಿತರು ಹಾಡುಹಗಲೇ ಅರುಂಧತಿ ನಕ್ಷತ್ರ ತೋರಿಸುವ ಫೋಟೋ ತೆಗೆದೂ ತೆಗೆದೂ, ಒಂದು ಸಲವಾದರೂ ನಿಜವಾದ ನಕ್ಷತ್ರ ಹಿಡಿಯಬೇಕೆಂಬ ಹುಚ್ಚು ಅವರಿಗೆ. ಅದೂ ಯಾವಾಗ? ಕುಣಿಗಲ್‌ನ ಮದುವೆಯೊಂದರಲ್ಲಿ ಅಕ್ಷತೆಯ ನೂಕುನುಗ್ಗಲಿಗೆ ತಾಳಿ ಕಟ್ಟುವ ಫೋಟೋ ಕೆಟ್ಟು, ಪ್ರಭಣ್ಣನಿಗೆ ಕೈ ನಡುಗುತ್ತಂತೆ ಎಂದು ಸುದ್ದಿ ಹಬ್ಬಿ, ಈ ಸೀಸನ್‌ಗೆ ಒಂದೂ ಮದುವೆ ಬುಕ್ ಆಗದೆ ಕೂತಿದ್ದಾಗ!

ಒಂದು ಸಂಜೆ ಕತ್ತಲಾಗುತ್ತಲೇ ಕರೆಂಟ್ ಹೋಯಿತು, ಮಸುಕು ಬೆಳದಿಂಗಳಷ್ಟೇ ಉಳಿಯಿತು. ಈ ಮಹಾನುಭಾವರು ತಾರಸಿಯಲ್ಲಿ ಉತ್ತರಕ್ಕೆ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸಿ, ಗಂಟೆಗಟ್ಟಲೆ ಶಟರ್ ತೆರೆದಿಟ್ಟು ಕೂತರು. ಕ್ಯಾಮೆರಾದ ಎದುರಿಗಿದ್ದ ಮಂಚದ ಮೇಲೆ ಹಳೇ ಸೀರೆ ಹಾಸಿ ಒಣಗಲು ಹಾಕಿದ್ದ ಸಂಡಿಗೆ ತೆಗೆಯೋಣವೆಂದು ನಾನು ಮೆಟ್ಟಿಲು ಹತ್ತಿದರೆ ಒಂದೇ ಕೂಗು.

"ಬರಬೇಡ ಮಂಗಳಾ! ಹೆಜ್ಜೆ ಇಟ್ರೆ ಸ್ಟ್ಯಾಂಡ್ ಅಲ್ಲಾಡುತ್ತೆ."

"ರೀ, ಸಂಡಿಗೆ ಮೆತ್ತಗಾಗುತ್ತೆ!"

"ಭೂಮಿ ತಿರುಗೋದನ್ನ ಹಿಡೀತಿದೀನಿ ಕಣೇ. ಸಂಡಿಗೆ ನಾಳೆ ಒಣಗಿಸ್ಕೋ."

ನನಗೆ ಮೈಯೆಲ್ಲ ಉರಿದುಹೋಯಿತು.

ಫೋಟೋದಲ್ಲಿ ನಕ್ಷತ್ರಗಳೆಲ್ಲ ಬಾಗಿದ ಗೆರೆಗಳಾಗಿ ಬಂದವು. ಭೂಮಿ ತಿರುಗುವುದಕ್ಕೆ ಇದೇ ಸಾಕ್ಷಿ ಎಂದು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅಂಗಡಿ ಬಾಗಿಲಲ್ಲೇ ನೇತುಹಾಕಿದರು.

ಗೂಳೂರಿನ ಅಣ್ಣಯ್ಯಪ್ಪನವರು ತಮ್ಮ ಮಗಳು ಪಲ್ಲವಿಯ ಮದುವೆಗೆ ಫೋಟೋದವರನ್ನು ಹುಡುಕುತ್ತ ಬಂದರು. ಕಣ್ಣು ಬಿದ್ದಿದ್ದೇ ಅದರ ಮೇಲೆ.

"ಅಯ್ಯೋ ಶಿವನೇ! ಜನ ಹೇಳಿದ್ದು ನಿಜ ಕಣಪ್ಪ. ಚುಕ್ಕಿಗಳೆಲ್ಲ ಗೀಚ್ದಂಗೆ ಬಂದವೆ!"

"ಅಲ್ಲಾಡಿದ್ದು ನನ್ ಕೈ ಅಲ್ಲ ಯಜಮಾನ್ರೇ, ಭೂಮಿ ತಿರುಗಿದ್ದು."

"ಭೂಮಿ ತಿರುಗ್ತೈತೆ ಅಂತ ನಂಗೂ ಗೊತ್ತು. ಮದ್ವೆ ದಿನವೂ ತಿರುಗ್ತೈತಲ್ಲ? ನನ್ ಮಗಳೂ ಹಿಂಗೇ ಬಂದ್ರೆ?"

ಅಣ್ಣಯ್ಯಪ್ಪನವರು ಚಪ್ಪಲಿ ಮೆಟ್ಟಿದರು. ಈ ಮದುವೆಯೂ ಕೈತಪ್ಪಿದರೆ ಇವರು ಇನ್ನು ಕ್ಯಾಮೆರಾ ಮುಟ್ಟಲಾರರೆಂದು ನನಗೆ ಗೊತ್ತಿತ್ತು. ಒಳಗಿಂದ ಬಂದವಳೇ ಫೋಟೋದ ಕೆಳಭಾಗಕ್ಕೆ ಬೆರಳಿಟ್ಟೆ.

"ಇಲ್ಲಿ ನೋಡಿ, ನನ್ ಸಂಡಿಗೆ! ಒಂದಾದ್ರೂ ಗೀಚ್ದಂಗಿದೆಯಾ? ಕ್ಯಾಮೆರಾ ಅಲ್ಲಾಡಿದ್ರೆ ಇವೂ ಗೆರೆ ಆಗ್ಬೇಕಿತ್ತಲ್ವಾ? ಭೂಮಿ ಮೇಲಿರೋದೆಲ್ಲ ಭೂಮಿ ಜೊತೇಲೇ ತಿರುಗುತ್ತೆ, ಅದಕ್ಕೇ ನೆಟ್ಟಗಿವೆ. ನಿಮ್ ಮಗಳೇನು ಆಕಾಶದಲ್ಲಿ ಕೂತು ತಾಳಿ ಕಟ್ಟಿಸ್ಕೊಳ್ತಾಳಾ?"

ಅಣ್ಣಯ್ಯಪ್ಪನವರು ಬಗ್ಗಿ ನೋಡಿದರು.

"ಹೌದಲ್ಲಮ್ಮ! ಒಂದೊಂದು ಸಂಡಿಗೇನೂ ಎಣಿಸ್ಬೋದು. ಸೀರೆ ತೇಪೆ ಕೂಡ ಎದ್ದು ಕಾಣ್ತೈತೆ. ಪ್ರಭಣ್ಣ, ನಮ್ ಪಲ್ಲವಿ ಫೋಟೋ ನೀನೇ ತೆಗಿಯಪ್ಪ."

ಅವರು ಅತ್ತ ಹೋದದ್ದೇ ತಡ, ನಾನು ಇವರ ಮೇಲೆ ಹರಿಹಾಯ್ದೆ. "ಗುಬ್ಬಿಗೆಲ್ಲ ನನ್ ತೇಪೆ ಸೀರೆ ತೋರಿಸ್ತಿದೀರಲ್ರೀ! ಮೊದ್ಲು ಇಳಿಸಿ ಅದನ್ನ!"

ಒಳಗೆ ಇಣುಕಿದರೆ, ಇದ್ದಬದ್ದ ಬ್ಯಾಟರಿಗಳನ್ನೆಲ್ಲ ಸಾಲಾಗಿ ಚಾರ್ಜಿಗೆ ಹಾಕುತ್ತಿದ್ದರು. ಮದುವೆ ಇದ್ದದ್ದು ಮುಂದಿನ ತಿಂಗಳು. ನಾನು ಮಿಕ್ಸಿಯ ಪ್ಲಗ್ ಕಿತ್ತು ಇನ್ನೊಂದು ಬ್ಯಾಟರಿಗೂ ಜಾಗ ಮಾಡಿಕೊಟ್ಟೆ.